ಹೆಬ್ಬಾತಿಗೆ ನ್ಯಾಯ

ಎಲ್ಲ ರಗಳೆಗೂ ಮೂಲ ಒಂದು ನೇರಳೆ ಬಣ್ಣದ ಟೋಪಿ.

ಮೂರು ವರ್ಷದ ಹಿಂದೆ ಈಸ್ಟರ್ ಭಾನುವಾರ ಆರ್ಡಿಸ್ ಟಾಲೆಫ್ಸನ್ ಆ ಟೋಪಿಯನ್ನೂ ಅದಕ್ಕೊಪ್ಪುವ ಕೋಟನ್ನೂ ತೊಟ್ಟು ಚರ್ಚಿಗೆ ಹೋಗಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ, ಪಕ್ಕದ ಮನೆಯ ಲವೋನಳ ಜಗಲಿಯ ಸಿಮೆಂಟ್ ಹೆಬ್ಬಾತು ಅಂಥದೇ ಟೋಪಿ, ಅಂಥದೇ ಕೋಟು ಹಾಕಿಕೊಂಡು ಬೀದಿ ನೋಡುತ್ತ ನಿಂತಿತ್ತು. ಅಮೆರಿಕದ ಮಿನೆಸೋಟಾ ರಾಜ್ಯದ ಆ ಕೆರೆದಂಡೆಯ ಊರಿನಲ್ಲಿ ಜಗಲಿಯ ಹೆಬ್ಬಾತಿಗೆ ಕಾಲಕ್ಕೆ ತಕ್ಕ ಬಟ್ಟೆ ತೊಡಿಸುವುದು ಹೆಂಗಸರ ಹಳೆಯ ಗೀಳು. ಮಳೆಗೆ ರೇನ್‌ಕೋಟು, ಕ್ರಿಸ್ಮಸ್ಸಿಗೆ ಕೆಂಪು ಟೊಪ್ಪಿಗೆ. ಆದರೆ ನೆರೆಯವಳ ಬಟ್ಟೆಯನ್ನೇ ನಕಲು ಮಾಡಿ ತೊಡಿಸಿದವರು ಅದುವರೆಗೆ ಯಾರೂ ಇರಲಿಲ್ಲ.

"ನಿನ್ನ ಕೋಟು ಎಷ್ಟು ಇಷ್ಟ ಆಯ್ತು ಅಂದ್ರೆ, ಕೂತ ಪಟ್ಟಿಗೆ ಹೊಲಿದು ಮುಗಿಸಿದೆ ಕಣೆ," ಎಂದಳು ಲವೋನ್, ಹಲ್ಲು ಬಿಟ್ಟು.

ಹೋಗಿಬರುವವರೆಲ್ಲ ನಿಂತು ನೋಡಿದರು. ಹೆಬ್ಬಾತಿಗೇ ಹೆಚ್ಚು ಒಪ್ಪುತ್ತದೆ ಎಂದು ಯಾರೋ ಅಂದದ್ದು ಆರ್ಡಿಸಳ ಕಿವಿಗೆ ಬಿತ್ತು.

ಅವಳು ನಕ್ಕಳು. ಆ ಊರಿನ ಒಳ್ಳೆಯ ಹೆಂಗಸರು ಸಿಟ್ಟು ಬಂದಾಗ ಮಾಡುವುದೇ ಅದು. ಮರುದಿನ ಮುಂಜಾನೆ, ಲವೋನ್ ಏಳುವ ಮೊದಲೇ, ಹೆಬ್ಬಾತನ್ನು ತೋಟದ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ ಕೆರೆಗೆ ಉರುಳಿಸಿ ಬಂದಳು.

ಲವೋನ್ ಅತ್ತಳು. ಚರ್ಚಿನಲ್ಲಿ ಹೆಬ್ಬಾತಿಗಾಗಿ ಪ್ರಾರ್ಥನೆ ನಡೆಯಿತು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವಳು ಆರ್ಡಿಸ್. ಊರೆಲ್ಲ ಹೈಸ್ಕೂಲ್ ಹುಡುಗರನ್ನು ಶಪಿಸಿತು. ತನ್ನ ಮೇಲೆ ಒಬ್ಬರಿಗೂ ಅನುಮಾನ ಬರಲಿಲ್ಲವೆಂಬುದು ಅವಳಿಗೆ ಮೊದಮೊದಲು ನೆಮ್ಮದಿ ಕೊಟ್ಟಿತು. ಬರಬರುತ್ತ ಅದೇ ಅವಮಾನವಾಯಿತು. ಬದುಕಿಡೀ ಗಂಡನ ಮಾತಿಗೆ ತಲೆಯಾಡಿಸಿ, ಕೊನೆಗೆ ಅವನ ಅಂತ್ಯಕ್ರಿಯೆಗೆ ಬಂದವರಿಗೂ ತಾನೇ ಕಾಫಿ ಬಗ್ಗಿಸಿದವಳು, ಒಂದೇ ಒಂದು ಸಲ ಎದೆಗಾರಿಕೆ ತೋರಿಸಿದ್ದಳು. ಅದರ ಕೀರ್ತಿಯೂ ಮೊಡವೆ ಮುಖದ ಹುಡುಗರ ಪಾಲಾಗಿತ್ತು.

ಹೇಳಿಬಿಡೋಣವೆಂದರೆ ಕೋರ್ಟಿನ ಭಯ. ಕೋರ್ಟಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ಓರಿನ್‌ನನ್ನು ಒಂದು ದಿನ ಉಪಾಯವಾಗಿ ಕೇಳಿದ್ದಳು. "ನನ್ನ ಸ್ನೇಹಿತೆ ಒಬ್ಬಳು ಯಾರದೋ ವಸ್ತು ಹಾಳು ಮಾಡಿದಾಳಂತೆ..."

"ಸ್ನೇಹಿತೆ," ಎಂದ ಓರಿನ್, ಕಾಫಿ ಹೀರುತ್ತ. "ಇಂಥ ಚಿಲ್ಲರೆ ಅಪರಾಧಕ್ಕೆ ಮೂರು ವರ್ಷದ ಗಡುವು. ಅಷ್ಟರೊಳಗೆ ಕೇಸು ಹಾಕದಿದ್ರೆ ಮುಗೀತು. ಆಮೇಲೆ ನಿನ್ನ ಸ್ನೇಹಿತೆ ಡಂಗುರ ಹೊಡೆದ್ರೂ ಯಾರೂ ಏನೂ ಮಾಡೋ ಹಾಗಿಲ್ಲ. ಮತ್ತೆ, ಅಪರಾಧ ಅನ್ನೋಕೆ ಕೈ ಒಂದೇ ಸಾಲದು, ಮನಸ್ಸೂ ಸೇರಿರಬೇಕು. ಕೈತಪ್ಪಿ ಬಿದ್ದಿದ್ರೆ ಅದು ಅಪರಾಧ ಅಲ್ಲ. ಬೇಕೂಂತ ಮಾಡಿರಬೇಕು."

ಅಂತೂ ಆ ಮೂರು ವರ್ಷ ಕಳೆದು ಮೊದಲ ಭಾನುವಾರ ಬಂತು. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನ ಹಾಗೆ ಕಾಫಿ, ಹಸಿರು ಜೆಲ್ಲಿ, ಯಾರೂ ಮುಟ್ಟದ ಕ್ಯಾರೆಟ್ಟು. ಚಳಿಗಾಲವನ್ನೆಲ್ಲ ಫ್ಲಾರಿಡಾದ ತಂಗಿಯ ಮನೆಯಲ್ಲಿ ಕಳೆದು ಬಂದ ಆರ್ಡಿಸ್ ಸೀದ ರೊಟ್ಟಿಯ ಬಣ್ಣಕ್ಕೆ ತಿರುಗಿದ್ದಳು.

"ಫ್ಲಾರಿಡಾ ಹೇಗಿತ್ತು ಟೀಚರ್?" ಎಂದು ಕೇಳಿದ ಪೊಲೀಸ್ ಮುಖ್ಯಸ್ಥ ಕರ್ಟ್. ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಪಾಠದಲ್ಲಿ ಅವನಿಗೆ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದವಳು ಅವಳೇ.

"ನಾನೀಗ ಅಲ್ಲಿಯವಳೇ ಕಣಪ್ಪ. ಗಂಡ ಹೋದಾಗಿಂದ ತೆರಿಗೆಗೆ ಅಲ್ಲಿನ ನಿವಾಸಿ ಅಂತಲೇ ಬರೆದುಕೊಟ್ಟಿದೀನಿ, ಆ ರಾಜ್ಯದಲ್ಲಿ ವರಮಾನ ತೆರಿಗೆ ಇಲ್ಲ ನೋಡು. ಇಲ್ಲಿಗೆ ಬರೋದು ನೆಂಟರ ಹಾಗೆ," ಎಂದು ಬೀಗಿದಳು. ಆಮೇಲೆ ಚಮಚದಿಂದ ಲೋಟ ತಟ್ಟಿದಳು. ಮಾತು ನಿಂತಿತು.

"ಲವೋನ್, ನಿನ್ನ ಹೆಬ್ಬಾತನ್ನ ಕೆರೆಗೆ ಹಾಕಿದ್ದು ನಾನು."

ಯಾರಾದರೂ ಬೆಚ್ಚಿಬೀಳುತ್ತಾರೆಂದು ಅವಳು ಕಾದಳು. ಎಲ್ಲರ ಮುಖದಲ್ಲೂ ಕರುಣೆ ಉಕ್ಕಿತು.

"ಪಾಪ, ಕತ್ತಲಲ್ಲಿ ಕಾಲು ತಾಗಿರಬೇಕು," ಎಂದಳು ಒಬ್ಬಳು.

"ಹೌದಮ್ಮ, ಕಣ್ಣಿಗೆ ಪೊರೆ ಬಂದಿತ್ತಲ್ಲ ಆಗ," ಎಂದಳು ಇನ್ನೊಬ್ಬಳು.

"ಯಜಮಾನರು ಹೋದ ದುಃಖ ಬೇರೆ. ಏನು ಮಾಡಿದ್ಲೋ ಅವಳಿಗೇ ಗೊತ್ತಿರಲಿಕ್ಕಿಲ್ಲ," ಎಂದು ಲವೋನಳೇ ಅವಳ ಬೆನ್ನು ಸವರಿದಳು.

ಆರ್ಡಿಸಳ ನೆತ್ತಿ ಕಾಯಿತು. "ಗೊತ್ತಿತ್ತು. ಕಣ್ಣೂ ಕಾಣ್ತಿತ್ತು. ಬೇಕೂಂತ ಮಾಡಿದೆ. ಹಿಂದಿನ ಸಂಜೆನೇ ಗಾಡಿ ಚಕ್ರಕ್ಕೆ ಎಣ್ಣೆ ಬಿಟ್ಟು ಇಟ್ಟಿದ್ದೆ. ಬೇಕೂಂತ, ಲವೋನ್. ನೀರಿಗೆ ಬಿದ್ದಾಗ ನಗು ಬಂತು ನನಗೆ."

ಬೆನ್ನು ಸವರುತ್ತಿದ್ದ ಕೈಯನ್ನು ಲವೋನ್ ಹಿಂದಕ್ಕೆ ಎಳೆದುಕೊಂಡಳು. ಮೊದಲ ಬಾರಿಗೆ ಊರು ಅವಳನ್ನು ಭಯದಿಂದ ನೋಡಿತು. ಅವಳಿಗೆ ಹಬ್ಬವೇ ಆಯಿತು.

ಕರ್ಟ್ ಜೆಲ್ಲಿಯ ತಟ್ಟೆ ಕೆಳಗಿಟ್ಟ. "ಇಷ್ಟೊಂದು ಜನರ ಮುಂದೆ ಹೇಳಬಾರದಿತ್ತು ಟೀಚರ್."

"ಗಡುವು ಮುಗಿದಿದೆ ಮರಿ. ವಿಚಾರಿಸಿಕೊಂಡೇ ಬಂದಿದೀನಿ."

"ಆ ಗಡುವು ಓಡೋದು ನೀವು ಈ ರಾಜ್ಯದ ನಿವಾಸಿ ಆಗಿದ್ದಾಗ ಮಾತ್ರ. ಬೇರೆ ರಾಜ್ಯದವರಾದ್ರೆ ಅದು ನಿಂತಲ್ಲೇ ನಿಂತಿರುತ್ತೆ."

ಆರ್ಡಿಸ್ ಓರಿನ್‌ನ ಕಡೆ ತಿರುಗಿದಳು. "ನಿನ್ನ ಸ್ನೇಹಿತೆ ಎಲ್ಲಿಯವಳು ಅಂತ ನೀನು ಹೇಳಲೇ ಇಲ್ವಲ್ಲ," ಎಂದ ಅವನು.

"ನಾನು ಇಲ್ಲಿಯವಳೇ ಕಣೋ. ಹುಟ್ಟಿದ್ದು ಇಲ್ಲೇ, ಮದುವೆಯಾಗಿದ್ದೂ ಇಲ್ಲೇ."

"ಹಾಗಂತ ಬರೆದುಕೊಳ್ಳಲಾ?" ಕರ್ಟ್ ಬಹಳ ಮರ್ಯಾದೆಯಿಂದ ಕೇಳಿದ. "ಹಾಗಾದ್ರೆ ತೆರಿಗೆಯವರಿಗೂ ಒಂದು ಮಾತು ತಿಳಿಸಬೇಕಾಗುತ್ತೆ. ತೆರಿಗೆಗೆ ಅಲ್ಲಿಯವರು, ಹೆಬ್ಬಾತಿಗೆ ಇಲ್ಲಿಯವರು ಅಂದ್ರೆ ಹೇಗೆ? ಸುಳ್ಳು ಹೇಳಬೇಡ ಅಂತ ಕಲಿಸಿದ್ದು ನೀವೇ."

ಆರ್ಡಿಸ್ ಕುರ್ಚಿಯಲ್ಲಿ ಕುಸಿದಳು. "ಅದು... ಕೈ ಜಾರಿತು ಅನ್ಸುತ್ತೆ. ಕಣ್ಣಿಗೆ ಪೊರೆ ಬೇರೆ."

"ಚಕ್ರಕ್ಕೆ ಎಣ್ಣೆ ಬಿಟ್ಟಿದ್ದೆ ಅಂದ್ಯಲ್ಲೇ," ಎಂದಳು ಮೊದಲು ಪಾಪ ಎಂದಿದ್ದವಳೇ.

ಆಗ ಲವೋನ್ ಎದ್ದಳು. ಅವಳ ಮುಖ ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. "ಬಿಡು ಕರ್ಟ್, ನಾನು ದೂರು ಕೊಡಲ್ಲ. ಹೇಗೂ ಹೊಸ ಹೆಬ್ಬಾತು ತಂದಿದೀನಿ. ಇನ್ನು ಮೇಲೆ ಅದರ ಬಟ್ಟೆಯೆಲ್ಲ ಆರ್ಡಿಸ್ ಹೊಲಿದುಕೊಡಲಿ. ಅಷ್ಟೇ."

"ಎಲ್ಲಿವರೆಗೆ?" ಎಂದಳು ಆರ್ಡಿಸ್, ಸಣ್ಣ ದನಿಯಲ್ಲಿ.

"ಅದಕ್ಕೆ ಗಡುವಿಲ್ಲ ಕಣೆ."

ಅಂದು ಸಂಜೆ ಹೊಸ ಹೆಬ್ಬಾತು ಜಗಲಿಗೆ ಬಂತು. ಕಣ್ಣಿಗೆ ಕಪ್ಪು ಕನ್ನಡಕ, ತಲೆಗೆ ಹುಲ್ಲಿನ ಟೋಪಿ, ಮೈಗೆ ಹೂಹೂವಿನ ಗೌನು. ಅದಕ್ಕೆ ಕತ್ತರಿ ಬಿದ್ದದ್ದು ಆರ್ಡಿಸಳ ಫ್ಲಾರಿಡಾದ ಗೌನಿಗೇ. ಲವೋನಳಿಗೆ ಬೇರೆ ಬಟ್ಟೆ ಹಿಡಿಸಿರಲಿಲ್ಲ. ಕೊನೆಯ ಗುಂಡಿ ಹಾಕಲು ಆರ್ಡಿಸ್ ಬಗ್ಗಿದ್ದಾಗ ನಾಯಿ ಹಿಡಿದುಕೊಂಡು ಹೊರಟಿದ್ದ ಓರಿನ್ ಬೇಲಿಯ ಹತ್ತಿರ ನಿಂತ. ಒಮ್ಮೆ ಹೆಬ್ಬಾತನ್ನು ನೋಡಿದ, ಒಮ್ಮೆ ಅವಳನ್ನು.

"ಸತ್ಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದ. "ಇದಕ್ಕೇ ಹೆಚ್ಚು ಒಪ್ಪುತ್ತೆ."

ಆರ್ಡಿಸ್ ನಕ್ಕಳು.