ಯಮನೂರಪ್ಪನ ಪಥ್ಯವೂ ಒಂಟಿ ಸೀನೂ

ಸೀನಿನಿಂದ ಸಂಬಂಧ ಮುರಿಯುತ್ತದೆ ಎಂದು ಬೇರೆ ಯಾರಾದರೂ ಹೇಳಿದ್ದರೆ ಯಮನೂರಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆದರೆ ದೇವದುರ್ಗದಲ್ಲಿ ಮುರಿದದ್ದು ಅವನ ಸ್ವಂತ ಮಗಳ ಸಂಬಂಧ. ಮುರಿದದ್ದು ಅವನ ಸ್ವಂತ ಮೂಗಿನಿಂದ. ನಗುವುದು ಹೇಗೆ?

ಮಾತೆಲ್ಲ ಮುಗಿದು, ಹಿರಿಯರು ಎಲೆ-ಅಡಿಕೆಯ ತಟ್ಟೆ ಎತ್ತಿದ್ದರು. ಅಷ್ಟರಲ್ಲಿ ಯಮನೂರಪ್ಪನಿಗೆ ಸೀನು ಬಂತು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬುದು ರಾಯಚೂರು ಸೀಮೆಯ ಎಳೆಮಕ್ಕಳಿಗೂ ಗೊತ್ತು. ಎರಡು ಸೀನಿ ಸುಮ್ಮನಾಗಿದ್ದರೆ ಎಲ್ಲರೂ ಕೈ ಮುಗಿಯುತ್ತಿದ್ದರು. ಯಮನೂರಪ್ಪ ಸೀನಿದ್ದು ಒಂಬತ್ತು. (ಕರವಸ್ತ್ರ ಸಾಲದೆ ಬೀಗರ ಮನೆಯ ಹೊಸ ಟವೆಲ್ಲನ್ನೇ ಎಳೆದುಕೊಂಡಿದ್ದ ಎಂಬುದು ಬೇರೆ ಮಾತು.) ಗಂಡಿನ ಕಡೆಯವರು ಬಹಳ ಹೊತ್ತು ಪಿಸುಗುಟ್ಟಿಕೊಂಡು ಕೊನೆಗೆ ಹೇಳಿದರು: "ನಾಕು ಜೋಡಿ ಆತು, ಕರೆ. ಆದ್ರ ಒಂದು ಉಳೀತಲ್ರೀ..."

ಆ ಉಳಿದ ಒಂದರಿಂದ ಬಾಲಮ್ಮನ ಮದುವೆ ನಿಂತುಹೋಯಿತು. ವಾಪಸು ಬರುವ ಬಸ್ಸಿನಲ್ಲಿ ಆ ಹುಡುಗಿ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಹೋಗ್ಲಿ ಬಿಡು ಯಪ್ಪಾ, ಸೀನು ಬಂದ್ರ ನೀನರ ಏನ್ ಮಾಡ್ತಿ?" ಎಂದಳು. ಬೈದಿದ್ದರೆ ಯಮನೂರಪ್ಪನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನವೇ ಅವನು ಹೈದರಾಬಾದಿನಲ್ಲಿ ಓದಿ ಬಂದು ರಾಯಚೂರಿನಲ್ಲಿ ಹೊಸದಾಗಿ ದವಾಖಾನೆ ಇಟ್ಟಿದ್ದ ಡಾಕ್ಟರ ಮುಂದೆ ಹೋಗಿ ಕುಳಿತ. ಡಾಕ್ಟರು ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿದರು. ಮನೆಯಲ್ಲಿ ಏನು ಉಣ್ಣುತ್ತಾನೆ, ಎಲ್ಲಿ ಕೆಲಸ ಮಾಡುತ್ತಾನೆ, ಯಾವಾಗ ಹೆಚ್ಚು ಸೀನುತ್ತಾನೆ ಎಂದು ಒಂದು ತಾಸು ವಿಚಾರಣೆ ನಡೆಸಿದರು. ಕಡೆಗೆ ತೀರ್ಪು ಕೊಟ್ಟರು: "ನಿಮಗ ಬೂಷ್ಟಿನ ಅಲರ್ಜಿ ಅದ."

ಬೂಷ್ಟು! ಹಳೆಯ ಉಪ್ಪಿನಕಾಯಿಯ ಮೇಲೆ ಬೆಳ್ಳಗೆ ಹತ್ತಿಯ ಹಾಗೆ ಕೂತಿರುತ್ತದಲ್ಲ, ಅದು. ಇಷ್ಟು ಸಣ್ಣ ಪ್ರಾಣಿ ಇಷ್ಟು ದೊಡ್ಡ ಮನುಷ್ಯನ ಮಾನ ಕಳೆದಿತ್ತು. ಡಾಕ್ಟರು ಚೀಟಿ ಬರೆದರು. ಉಪ್ಪಿನಕಾಯಿ ಬೇಡ, ಹಿಂಡಿ ಎಂಬ ಹಳೆಯ ಚಟ್ನಿಪುಡಿ ಬೇಡ, ಹುಳಿ ಮಜ್ಜಿಗೆ ಬೇಡ, ಒಣಕೊಬ್ಬರಿ ಬೇಡ, ನಿನ್ನೆಯದು ಯಾವುದೂ ಬೇಡವೇ ಬೇಡ. ಔಷಧಿಗಿಂತ ಪಥ್ಯ ದೊಡ್ಡದು, ನಲವತ್ತು ದಿನ ಬಿಗಿಯಾಗಿ ಮಾಡಿ ನೋಡಿ ಎಂದರು.

ಅದೇ ವಾರ ಮಾನ್ವಿಯಿಂದ ಇನ್ನೊಂದು ಸಂಬಂಧ ಬಂತು. ಹುಡುಗ ವೆಂಕೋಬ, ಶಾಲೆಯ ಮಾಸ್ತರ. ಬಂದು ನೋಡಿಹೋದ, ಅವನು ಹೋದ ಮೇಲೆ ಬಾಲಮ್ಮ ಅವನು ಕುಡಿದಿಟ್ಟ ಚಹಾದ ಕಪ್ಪನ್ನು ತನ್ನಷ್ಟಕ್ಕೆ ನಗುತ್ತ ಮೂರು ಸಲ ತೊಳೆದಳು. ಅಷ್ಟು ಸಾಕಿತ್ತು ಅಪ್ಪನಿಗೆ, ಅರ್ಥವಾಯಿತು. ಮಾತು ಗಟ್ಟಿ ಮಾಡುವ ದಿನ ಸರಿಯಾಗಿ ನಲವತ್ತೆರಡು ದಿನಕ್ಕೆ ಬಿತ್ತು.

"ಈ ಸಲ ಸೀನಿದ್ರ ನಾ ಯಮನೂರಪ್ಪನ ಅಲ್ಲ" ಎಂದು ಅವನು ನಡುಮನೆಯಲ್ಲಿ ನಿಂತು ಭೀಷ್ಮಪ್ರತಿಜ್ಞೆ ಮಾಡಿದ.

"ಹಂಗಾದ್ರ ಹೊಸಾ ಹೆಸರು ಈಗ ಹುಡುಕ್ಕೊಂಡು ಇಟ್ಕೊಳ್ರಿ" ಎಂದಳು ಹೆಂಡತಿ ಅಯ್ಯಮ್ಮ, ಒಳಗಿನಿಂದಲೇ.

ಯಮನೂರಪ್ಪ ಒಂದು ಸರಕಾರಿ ಕಚೇರಿಯ ದಫ್ತರಖಾನೆಯಲ್ಲಿ ಗುಮಾಸ್ತ. ನಿಜಾಮನ ಕಾಲದಿಂದ ಕಟ್ಟಿಟ್ಟ ಕಾಗದಗಳನ್ನು ಕಾಯುವುದು ಅವನ ಉದ್ಯೋಗ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಚೀಟಿ ಅಂಟಿಸು, ತಾರೀಖು ಹಾಕು, ಕೆಂಪು ಲಾಡಿ ಕಟ್ಟು. ಆ ವಿದ್ಯೆಯನ್ನೇ ಅಡಿಗೆಮನೆಗೆ ತಂದ. ಹಳೆಯ ಉರ್ದು ಕಾಗದ ಓದುವ ಭೂತಗನ್ನಡಿ ಹಿಡಿದುಕೊಂಡು ಭರಣಿ ಭರಣಿಯ ಬಾಯಿ ತೆಗೆಸಿ ನೋಡಿದ. ಮಾವಿನಕಾಯಿ ಭರಣಿ ಜಪ್ತಿಯಾಯಿತು. ನಿಂಬೆಕಾಯಿ ಭರಣಿ ಜಪ್ತಿಯಾಯಿತು. ಗುರೆಳ್ಳು ಹಿಂಡಿಯ ಡಬ್ಬಿಗೆ ಕೆಂಪು ಲಾಡಿ ಬಿತ್ತು. ತಿಂಗಳಿಗಾಗುವಷ್ಟು ಬಡಿದಿಟ್ಟಿದ್ದ ಕಡಕ್ ರೊಟ್ಟಿಯ ಥಪ್ಪಿಯನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು, ಎರಡೂ ಮಗ್ಗುಲು ಪರೀಕ್ಷಿಸಿ, "ಸಂಶಯಾಸ್ಪದ" ಎಂದು ಪಕ್ಕಕ್ಕಿಟ್ಟ.

ಅಯ್ಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರೀ, ಬೂಷ್ಟಂದ್ರ ಏನು ಪ್ಲೇಗೇನ್ರೀ? ನಮ್ಮಪ್ಪ ಎಂಬತ್ತು ವರ್ಷ ತಿಂದಾನ. ಮ್ಯಾಲಿಂದು ತೆಗೆದು ಚೆಲ್ಲೋದು, ಕೆಳಗಿಂದು ತಿನ್ನೋದು."

"ತಿಂದಾನ, ಯಾರು ಇಲ್ಲಂತಾರ? ಆದ್ರ ನಿಮ್ಮಪ್ಪ ಸೀನಿದ್ದಕ್ಕ ಯಾರ ಲಗ್ನನೂ ಮುರೀಲಿಲ್ಲ."

"ಯಾಕ ಮುರೀತಾವ? ಅವ ಯಾವಾಗ ಸೀನಿದ್ರೂ ಎರಡ ಸೀನ್ತಿದ್ದ. ಲೆಕ್ಕ ಬಲ್ಲ ಮನಿತನ ನಮ್ದು!"

ಯಮನೂರಪ್ಪ ಇನ್ನೊಂದು ಭರಣಿಗೆ ಲಾಡಿ ಕಟ್ಟಿದ.

"ಅಲ್ರೀ, ಮುಂಜಾನಿಂದ ಸಂಜೀತನ ನಿಜಾಮನ ಕಾಲದ ಬೂಷ್ಟ ಮೂಗಿನಾಗ ತುಂಬಿಕೊಂಡು ಬರ್ತೀರಿ. ಅದನ್ನ ಬಿಟ್ಟು ನನ್ನ ಉಪ್ಪಿನಕಾಯಿ ಮ್ಯಾಲೆ ಬಂದೀರಲ್ಲ!"

"ಕಚೇರಿ ಬಿಟ್ರ ಉಣ್ಣಾಕ ಏನದ? ಅಲ್ಲಿ ಟವೆಲ್ ಮೂರು ಸುತ್ತು ಕಟ್ಕೊಂತೀನಿ. ಇಲ್ಲಿ ಬಾಯಿಗೆ ಟವೆಲ್ ಕಟ್ಕೊಂಡು ಉಣ್ಣಾಕ ಆಗ್ತದೇನು?"

ಪಥ್ಯ ಶುರುವಾಯಿತು. ಪಥ್ಯ ಗಂಡನದು, ದುಡಿತ ಹೆಂಡತಿಯದು. ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ, ಹೊತ್ತು ಹೊತ್ತಿಗೆ ಹೊಸ ಪಲ್ಯ. ಅಯ್ಯಮ್ಮ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಜಗಳವಾಗುತ್ತಿದೆ ಎಂದುಕೊಂಡು ಎರಡು ಸಲ ಇಣುಕಿ ಹೋದರು. ಪುಂಡಿಪಲ್ಯದ ರುಚಿ ಹತ್ತುವುದೇ ಮರುದಿನ. ಆದರೆ ಈ ಮನೆಯಲ್ಲಿ ಮರುದಿನ ಎಂಬುದೇ ರದ್ದಾಗಿತ್ತು. ಗಡಿಗೆ ಗಡಿಗೆಗೂ ತಾರೀಖಿನ ಚೀಟಿ ತೂಗಾಡಿತು.

"ಹಳೇದೆಲ್ಲ ಬ್ಯಾಡಂದ್ರ ನಾನೂ ಈ ಮನಿಗೆ ಬಂದು ಇಪ್ಪತ್ಮೂರು ವರ್ಷಾತು. ನನಗೂ ಒಂದು ಲಾಡಿ ಕಟ್ಟಿ ಅಟ್ಟಕ್ಕ ಇಟ್ಟುಬಿಡ್ರಿ" ಎಂದಳು ಒಂದು ದಿನ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ.

ಯಮನೂರಪ್ಪ ಜಗ್ಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಮಂಡಾಳದ (ಮಂಡಕ್ಕಿಯ) ವಗ್ಗರಣೆ, ಬಿಸಿ ಮಿರ್ಚಿಯ ವಾಸನೆ ಕೈಹಿಡಿದು ಎಳೆದರೂ ಅಂಗಡಿಯವನಿಗೆ, "ಮಂಡಾಳ ಯಾವತ್ತು ಹುರಿದದ್ದು?" ಎಂದು ಕೇಳಿದ. "ತಿನ್ನೋದಿದ್ರ ತಿನ್ರಿ, ಜಾತಕ ಕೇಳಬ್ಯಾಡ್ರಿ" ಎಂದನವನು. ತಿನ್ನದೆ ಬಂದ. ನಾಲಗೆ ಅತ್ತುಬಿಡುತ್ತಿತ್ತು, ಬಾಲಮ್ಮನ ಮುಖ ನೆನಪಾಗಿ ಅದನ್ನು ಗದರಿಸಿ ಕೂರಿಸುತ್ತಿದ್ದ.

ಇಪ್ಪತ್ತು ದಿನಕ್ಕೆ ಸೀನು ಅರ್ಧಕ್ಕಿಳಿಯಿತು. ಮೂವತ್ತೈದಕ್ಕೆ ನಿಂತೇಹೋಯಿತು. ಮೂವತ್ತೆಂಟನೇ ದಿನ ಅವನು ದಫ್ತರಖಾನೆಯ ಅತ್ಯಂತ ಹಳೆಯ ಗಂಟನ್ನು ಬರಿ ಮೂಗಿನಲ್ಲಿ ಬಿಚ್ಚಿ ಕೊಡವಿದ. ಜೊತೆಗಿದ್ದವರೆಲ್ಲ ಸೀನಿದರು. ಅವನು ಮೀಸೆ ತಿರುವಿದ. ಆ ಸಂಜೆ ಮನೆಗೆ ಬಂದ ನಡಿಗೆಯೇ ಬೇರೆ. ಕೋಟೆ ಗೆದ್ದು ಬಂದವನ ನಡಿಗೆ.

ಆ ದಿನ ಬಂತು. ಮಾನ್ವಿಯ ಮನೆಯಲ್ಲಿ ಯಜಮಾನಿಕೆಯೆಲ್ಲ ವೆಂಕೋಬನ ತಾತ ಮುದುಕಪ್ಪನದು. ಶಕುನ, ಘಳಿಗೆ, ಹಲ್ಲಿ, ಸೀನು ಎಲ್ಲಕ್ಕೂ ಊರಿನವರು ಅವನನ್ನೇ ಕೇಳುತ್ತಿದ್ದರು. ಪಡಸಾಲೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಟ್ರಂಕಿನಿಂದ ತೆಗೆದ ಜಮಖಾನ ಹಾಸಿದ್ದರು. ಯಮನೂರಪ್ಪ ಕುಳಿತ. ಅಯ್ಯಮ್ಮ, ಬಾಲಮ್ಮ ಹೆಂಗಸರ ನಡುವೆ ಕುಳಿತರು. ಹನ್ನೊಂದು ಗಂಟೆಯೊಳಗೆ ಒಳ್ಳೆಯ ಘಳಿಗೆ ಎಂದು ಮುದುಕಪ್ಪ ಎಲೆ-ಅಡಿಕೆಯ ತಟ್ಟೆ ಎತ್ತಿದ. "ಕೈ ಚಾಚ್ರಿ ಬೀಗ್ರೇ" ಎಂದ. ಯಮನೂರಪ್ಪ ಕೈ ಚಾಚಿದ.

"ಆಕ್ಷೀ!"

ಒಂದು. ಒಂದೇ ಒಂದು. ಬಾಲಮ್ಮನ ಮುಖ ಬಿಳಿಚಿಕೊಂಡಿತು. ಮುದುಕಪ್ಪ ತಟ್ಟೆಯನ್ನು ಎತ್ತಿದ ಕೈಯಲ್ಲೇ ನಿಲ್ಲಿಸಿ, "ಒಂದಾತು. ಇರ್ಲಿ, ಇನ್ನೊಂದು ಬರ್ಲಿ. ಕಾಯೋಣು" ಎಂದ. ಒಳ್ಳೆಯ ಮನುಷ್ಯ.

ಎಲ್ಲರೂ ಯಮನೂರಪ್ಪನ ಮೂಗನ್ನು ನೋಡುತ್ತ ಕುಳಿತರು. ಮೂಗು ಸರಕಾರಿ ಫೈಲಿನ ಹಾಗೆ ಅಲ್ಲಾಡದೆ ಕುಳಿತಿತ್ತು. ಐದು ನಿಮಿಷ ಹೋಯಿತು.

"ಸೀನ್ರೀ!" ಎಂದಳು ಅಯ್ಯಮ್ಮ ಹಲ್ಲು ಕಚ್ಚಿ. "ಮನ್ಯಾಗ ಹೊತ್ತಿಗೆ ಇಪ್ಪತ್ತು ಸೀನ್ತಿದ್ರಿ, ಇಲ್ಲಿ ಒಂದಕ್ಕ ಬಡತನ ಬಂತೇನ್ರೀ?"

"ಬರವಲ್ದು, ಏನ್ ಮಾಡ್ಲಿ?"

"ಪಥ್ಯಾ ಮಾಡ್ತೀನಂತ ಕುಣಿದ್ರಲ್ಲ, ಈಗ ಕುಣೀರಿ!"

ಅಂಗಳಕ್ಕೆ ಕರೆದೊಯ್ದು ಸೂರ್ಯನ ಕಡೆ ಮುಖ ಮಾಡಿಸಿದರು. ಕಣ್ಣೀರು ಬಂತು, ಸೀನು ಬರಲಿಲ್ಲ. ಬಟ್ಟೆಯ ಬತ್ತಿ ಹೊಸೆದು ಮೂಗಿಗೆ ಬಿಟ್ಟರು. ಕಚಗುಳಿಯಾಗಿ ನಗು ಬಂತು, ಸೀನು ಬರಲಿಲ್ಲ. ಮುದುಕಪ್ಪ ತನ್ನ ಹಿತ್ತಾಳೆ ಡಬ್ಬಿ ತೆಗೆದು, "ನನ್ನ ನಶ್ಯಾಕ್ಕ ಸೀನದವ ಈ ತಾಲೂಕಿನಾಗ ಇನ್ನೂ ಹುಟ್ಟಿಲ್ಲ" ಎಂದು ಎರಡು ಚಿಟಿಕೆ ಏರಿಸಿದ. ಯಮನೂರಪ್ಪನ ಮೂಗು ಕೆಂಪಾಗಿ, ಕಿವಿ ಕೆಂಪಾಗಿ, ಅಲ್ಲಿಗೆ ನಿಂತಿತು. ಮುದುಕಪ್ಪನಿಗೇ ಅವಮಾನವಾದಂತಾಯಿತು. ಹನ್ನೊಂದಕ್ಕೆ ಹತ್ತು ನಿಮಿಷ ಉಳಿದಿತ್ತು.

"ಯಾಕ್ರೀ ಬೀಗ್ರೇ, ಮೊದಲಿಂದನೂ ಹಿಂಗೇನು ನಿಮ್ಮ ಮೂಗು?" ಎಂದು ಕೇಳಿದಳು ಗಂಡಿನ ತಾಯಿ ಯಂಕಮ್ಮ.

ಅಯ್ಯಮ್ಮ ತಡೆಯದೆ ಬಾಯಿಬಿಟ್ಟಳು. "ಬೂಷ್ಟಿನ ವಾಸನಿ ಬಡಿಯೋತನ ಇವ್ರು ಸೀನಂಗಿಲ್ಲಬೇ ಯವ್ವಾ. ಹಳೇದು, ಮುಗ್ಗಿದ್ದು ಏನರ ಇದ್ರ ತರ್ರಿ!"

ಇಷ್ಟು ಕೇಳಿದ್ದೇ ವೆಂಕೋಬ ಎದ್ದು ಓಡಿದ. ಮದುಮಗ ಹೀಗೆ ಎದ್ದು ಓಡಬಾರದು. ಆದರೆ ಚಹಾ ಕೊಟ್ಟ ಕೈಯನ್ನು ಅವನೂ ಮರೆತಿರಲಿಲ್ಲ. ಹಿತ್ತಲಿನಲ್ಲಿ ಹಗೇವು, ಅಂದರೆ ನೆಲದೊಳಗಿನ ಕಣಜ, ಹಿಂದಿನ ದಿನವಷ್ಟೇ ತೆಗೆದಿದ್ದರು. ಎರಡು ವರ್ಷ ಗಾಳಿ ಬೆಳಕು ಕಾಣದೆ ಮುಗ್ಗಿದ ಮೇಲ್ಪದರದ ಜೋಳವನ್ನು ಒಂದು ಪುಟ್ಟಿ ತುಂಬಿ, ಹೆಗಲ ಮೇಲೆ ಹೊತ್ತು ತಂದು, ಯಮನೂರಪ್ಪನ ಮುಂದೆ ಸುರಿದ. ಬೂದಿಯಂಥ ದೂಳು ಮೇಲೆದ್ದಿತು. ಯಮನೂರಪ್ಪ ಮಗಳ ಮುಖ ಒಮ್ಮೆ ನೋಡಿ, ಮೂಗನ್ನು ಕಿವಿಯವರೆಗೂ ಜೋಳದ ರಾಶಿಯೊಳಗೆ ತೂರಿಸಿ ಜೋರಾಗಿ ಎಳೆದ.

"ಆಕ್ಷೀ!"

"ಎರಡು!" ಎಂದು ಮುದುಕಪ್ಪ ಕೂಗಿದ. ಎಲ್ಲರೂ ಹೋ ಎಂದರು. ಯಮನೂರಪ್ಪ ತಲೆಯೆತ್ತಿ ನೋಡಿದ. ಸೀನಿದ್ದು ಅವನಲ್ಲ, ವೆಂಕೋಬ.

"ಯಾರು ಸೀನಿದ್ರೇನು?" ಎಂದ ಮುದುಕಪ್ಪ. "ಹೆಣ್ಣಿನ ಕಡೀದೊಂದು, ಗಂಡಿನ ಕಡೀದೊಂದು. ಇದಕ್ಕಿಂತ ಚೊಲೋ ಜೋಡಿ ಎಲ್ಲಿ ಸಿಗ್ತದ? ಹಿಡೀರಿ ಎಲಿ..."

"ಆಕ್ಷೀ!" ಎಂದ ವೆಂಕೋಬ. ಮೂರು. ಹೆಂಗಸರು ಅಯ್ಯೋ ಎಂದರು. ಮತ್ತೊಂದು ಸೀನಿದ. ನಾಲ್ಕು, ಹೋ ಎಂದರು. ಐದು, ಅಯ್ಯೋ. ಆರು, ಹೋ. ಮಾಸ್ತರ ನಿಲ್ಲಿಸುವ ಹಾಗೆ ಕಾಣಲಿಲ್ಲ. ಹನ್ನೊಂದಕ್ಕೆ ಬಂದಾಗ ಬಾಲಮ್ಮ ಕಣ್ಣು ಮುಚ್ಚಿಕೊಂಡುಬಿಟ್ಟಳು. ಹನ್ನೆರಡನೆಯದನ್ನು ಸೀನಿ ವೆಂಕೋಬ ಕಂಬಕ್ಕೊರಗಿ ಉಸ್ಸೆಂದ.

ಸರಿಯಾಗಿ ಆಗಲೇ, ಒಂದೇ ಸೀನಿ ಮಲಗಿಬಿಟ್ಟಿದ್ದ ಯಮನೂರಪ್ಪನ ಮೂಗು ಎಚ್ಚರಾಯಿತು. ಬುಡದಿಂದ ಒಂದು ಸೀನು ಏರತೊಡಗಿತು. ಹದಿಮೂರನೆಯದು! ಅವನು ಎರಡೂ ಕೈಯಿಂದ ಮೂಗು ಅದುಮಿದ. ಕಣ್ಣು ಹೊರಗೆ ಬಂದವು, ಕುತ್ತಿಗೆ ನರ ಉಬ್ಬಿದವು. ಕೈ ಖಾಲಿ ಇಲ್ಲದ್ದರಿಂದ ಎಲೆ-ಅಡಿಕೆಯನ್ನು ಅಯ್ಯಮ್ಮ ಸೆರಗೊಡ್ಡಿ ಇಸಿದುಕೊಂಡಳು. "ಮಾತು ಗಟ್ಟಿಯಾತು!" ಎಂದು ಮುದುಕಪ್ಪ ಹೇಳಿ ಮುಗಿಸುವುದಕ್ಕೂ ಯಮನೂರಪ್ಪ ಹಿತ್ತಲಿಗೆ ಓಡುವುದಕ್ಕೂ ಸರಿಹೋಯಿತು. ಅಲ್ಲಿ ಎಷ್ಟು ಸೀನಿದನೋ ಯಾರೂ ಎಣಿಸಲಿಲ್ಲ. ಸೀನುತ್ತ ಸೀನುತ್ತಲೇ ಅತ್ತ, ಸಂತೋಷಕ್ಕೆ.

ಊಟಕ್ಕೆ ಕುಳಿತರು. ಯಮನೂರಪ್ಪನಿಗೆ ಈಗ ಯಾರ ಭಯವೂ ಇರಲಿಲ್ಲ. ಪಥ್ಯ ಮುಗಿದಿತ್ತು, ಮಗಳ ಮಾತು ಗಟ್ಟಿಯಾಗಿತ್ತು. ಯಂಕಮ್ಮ ಮೂರು ವರ್ಷದ ಮಾವಿನಕಾಯಿ ಉಪ್ಪಿನಕಾಯಿಯ ದೊಡ್ಡ ಹೋಳು ಅವನ ಎಲೆಗೆ ಹಾಕಿದಳು. ಎಣ್ಣೆ ಎಲೆಯ ತುಂಬ ಹರಿಯಿತು. ಅವನ ಬಾಯಲ್ಲಿ ನೀರೂ ಹರಿಯಿತು.

"ಅಣ್ಣಾರೇ," ಎಂದಳು ಯಂಕಮ್ಮ, "ನಮ್ಮ ವೆಂಕೋಬಂಗೂ ಸಣ್ಣಾಂವಿದ್ದಾಗಿಂದ ಇದ ಸೀನು. ನಿಮ್ದು ಹೆಂಗ ನಿಂತಿತ್ರೀ?"

ಹೋಳನ್ನು ಎತ್ತಿದವನು ತಿಂದುಬಿಡಬಾರದೇ? ಹೊಗಳಿಕೆ ಕಂಡರೆ ನಮ್ಮ ಯಮನೂರಪ್ಪನಿಗೆ ಹಸಿವೆ ಮರೆಯುತ್ತದೆ. ಹೋಳನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಡಾಕ್ಟರ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. "ಗಟ್ಟಿ ಮನಸು ಬೇಕ್ರೀ, ಅಷ್ಟ. ಯಾರು ಬೇಕಾದ್ರೂ ಮಾಡಬಹುದು" ಎಂದೂ ಸೇರಿಸಿದ.

"ನಾ ಒಬ್ಬನ ಆದ್ರ ನನ್ನ ಕೈಲಿ ಆಗಂಗಿಲ್ರೀ ಮಾವ" ಎಂದ ವೆಂಕೋಬ. "ನೀವು ಜೋಡಿ ಇದ್ರ ಮಾಡ್ತೀನಿ."

"ಭೇಷ್!" ಎಂದ ಮುದುಕಪ್ಪ. "ಲಗ್ನಕ್ಕ ಇನ್ನ ನಾಕು ತಿಂಗಳದ. ತಾಳಿ ಕಟ್ಟೋತನ ಮಾವ ಅಳಿಯ ಇಬ್ರಿಗೂ ಪಥ್ಯ. ತಾಳಿ ಹೊತ್ತಿನಾಗ ಯಾವ ಸೀನೂ ಬ್ಯಾಡ."

ಯಮನೂರಪ್ಪ ದಿಕ್ಕೆಟ್ಟು ಮಗಳ ಕಡೆ ನೋಡಿದ. ಬಾಲಮ್ಮ ತಲೆ ತಗ್ಗಿಸಿಕೊಂಡು, "ನಮ್ಮಪ್ಪ ಒಂದ್ಸಲ ಹಟ ಹಿಡಿದ್ರ ಬಿಡಂಗಿಲ್ಲ" ಎಂದಳು, ವೆಂಕೋಬನಿಗೆ ಕೇಳುವ ಹಾಗೆ.

ಯಂಕಮ್ಮ ಅವನ ಎಲೆಯನ್ನೇ ತೆಗೆಸಿ, ಹೊಸ ಎಲೆ ಹಾಕಿಸಿ, ಒಲೆಯಿಂದ ಆಗಷ್ಟೇ ಇಳಿದ ಬಿಸಿ ರೊಟ್ಟಿಯೊಂದನ್ನು ಬಡಿಸಿದಳು. ಉಪ್ಪಿನಕಾಯಿಯ ಭರಣಿ ಅವನ ಮೂಗಿನ ಕೆಳಗೇ ಹಾದು ಹೆಂಗಸರ ಪಂಕ್ತಿಯ ಕಡೆ ಹೋಯಿತು.

"ಹಾಕ್ರಿ ಬೀಗ್ತೀ, ಇನ್ನೊಂದು ಹೋಳು ಹಾಕ್ರಿ" ಎಂದಳು ಅಯ್ಯಮ್ಮ, ಬೆರಳು ಚೀಪುತ್ತ. "ನಮ್ಮವರದೂ ಪಾಲು ನನಗ ಬರಬೇಕಲ್ಲ."