ಸಾಹೇಬರ ನಾಯಿಗೊಂದು ಜೋಡಿ

ನೀಲಕಂಠಪ್ಪ ಅಂದು ಸಾಹೇಬರ ಮುಂದೆ ಬಾಯಿ ತೆರೆಯಬಾರದಿತ್ತು. ಹತ್ತಿ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಅವನು ಬಾಯಿ ತೆರೆದದ್ದೇ ಕಡಿಮೆ. ‘ಯೆಸ್ ಸರ್’ ಎನ್ನಲು ಎಷ್ಟು ತೆರೆಯಬೇಕೋ ಅಷ್ಟೇ ತೆರೆದು ಮುಚ್ಚುತ್ತಿದ್ದ. ಆದರೆ ಆ ದಿನ ಸಹಿ ಹಾಕಿಸಿಕೊಳ್ಳಲು ಬಾಂದ್ರಾದ ಬಂಗಲೆಗೆ ಹೋದಾಗ ಬಾಟ್ಲಿವಾಲಾ ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರ ಕಾಲ ಬಳಿ ಕರುವಿನಷ್ಟು ದೊಡ್ಡ ನಾಯಿ ಡ್ಯೂಕ್ ಕೈಕಾಲು ಚಾಚಿ ಮಲಗಿತ್ತು.

“ದೇಖೋ ನೀಲಕಂಠ್, ಏನು ಮೈಕಟ್ಟು, ಏನು ಕಿವಿ!” ಎಂದರು ಸಾಹೇಬರು ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ. “ಆದರೆ ನಾಯಿಗಳ ಶೋನಲ್ಲಿ ಜಡ್ಜ್ ಎದುರು ಬಂದ ಕೂಡಲೇ ಮಲಗಿಬಿಡುತ್ತದೆ. ಪ್ರತಿಸಲವೂ ಇದೇ ಕತೆ. ಜನ ನಗುತ್ತಾರೆ.”

ನೀಲಕಂಠಪ್ಪ ನಾಯಿಯನ್ನು ನೋಡಿದ. ಅವನಿಗೆ ಕಂಡದ್ದು ನಾಯಿಯಲ್ಲ, ವಿಜಾಪುರದ ಕಡೆಯ ತನ್ನೂರಿನಲ್ಲಿ ಅಪ್ಪ ಸಾಕಿದ್ದ ಬಿಳಿ ಎತ್ತು. ಸರಕಾರಿ ದನದ ಪ್ರದರ್ಶನಕ್ಕೆ ಅದನ್ನೊಂದನ್ನೇ ಹೊಡೆದುಕೊಂಡು ಹೋದರೆ ನಡುದಾರಿಯಲ್ಲೇ ಕುಸಿದು ಕೂರುತ್ತಿತ್ತು. ಅದರ ಜೋಡಿ ಎತ್ತನ್ನು ಎದುರಿಗೆ ಕಟ್ಟಿದರೆ ಮಾತ್ರ ದೇವಸ್ಥಾನದ ಕಂಬದ ಹಾಗೆ ನಿಲ್ಲುತ್ತಿತ್ತು.

“ಸಾಹೇಬ್, ಅದಕ್ಕೆ ಜೋಡಿ ಇಲ್ಲ,” ಎಂದುಬಿಟ್ಟ. “ನಮ್ಮ ಕಡೆ ಒಂಟಿ ಎತ್ತು ಎಲ್ಲೂ ನಿಲ್ಲೋದಿಲ್ಲ. ಇನ್ನೊಂದು ನಾಯಿಯನ್ನು ಸಂಗಡ ಒಯ್ಯಬೇಕು. ಅದು ಪಂದ್ಯಕ್ಕಲ್ಲ, ಸುಮ್ಮನೆ ಎದುರಿಗೆ ಇರಲಿಕ್ಕೆ.”

ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು. “ಶಾಬಾಶ್! ರವಿವಾರ ಇಲ್ಲೇ ಬಾಂದ್ರಾ ಮೈದಾನದಲ್ಲಿ ಶೋ ಇದೆ. ನಿನ್ನ ನಾಯಿಯನ್ನು ಕರೆದುಕೊಂಡು ಬಾ. ಡ್ಯೂಕ್ ನಿಂತರೆ ಮುಲುಂಡಿನ ಕ್ವಾರ್ಟರ್ಸ್ ಮಾತು ಮುಗಿಸಿಬಿಡೋಣ.”

‘ಇನ್ನೊಂದು ನಾಯಿ’ ಎಂದದ್ದು ‘ನಿನ್ನ ನಾಯಿ’ ಯಾವಾಗ ಆಯಿತು ಎಂದು ನೀಲಕಂಠಪ್ಪನಿಗೆ ಮನೆ ಮುಟ್ಟುವವರೆಗೂ ತಿಳಿಯಲಿಲ್ಲ. ಅವನಿಗೆ ನಾಯಿಯೇ ಇರಲಿಲ್ಲ. ಈಚೆಗೆ ಅವನಿಗೆ ಹೀಗೆ ತಿಳಿಯದೆ ಆಗುವುದು ಹೆಚ್ಚಾಗಿತ್ತು. ಹೋದ ವರ್ಷ ಅವನ ಊರು ಇದ್ದಲ್ಲೇ ಇದ್ದು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಹೋಗಿತ್ತು. ಅವನು ಮಾತ್ರ ಇಲ್ಲೇ ಉಳಿದಿದ್ದ.

ಕಂಪನಿಯ ಮುಲುಂಡಿನ ಕ್ವಾರ್ಟರ್ಸ್ ಎಂದರೆ ಎರಡು ಕೋಣೆ, ಅಡುಗೆಮನೆ, ಹಿಂದೆ ಒಂದಿಷ್ಟು ಮಣ್ಣಿನ ನೆಲ. ಆಂಟಾಪ್ ಹಿಲ್ಲಿನ ಚಾಳಿನಲ್ಲಿ ನೀಲಕಂಠಪ್ಪ, ಹೆಂಡತಿ ದಾನವ್ವ, ತಾಯಿ ರುದ್ರವ್ವ ಮೂವರಿಗೂ ಇದ್ದದ್ದು ಒಂದೇ ಕೋಣೆ. ಒಬ್ಬರು ಮಗ್ಗಲು ಬದಲಿಸಿದರೆ ಉಳಿದಿಬ್ಬರೂ ಬದಲಿಸಬೇಕು. ಆ ಕ್ವಾರ್ಟರ್ಸಿಗೆ ಕಣ್ಣಿಟ್ಟವನು ಇನ್ನೊಬ್ಬನಿದ್ದ, ಅದೇ ಆಫೀಸಿನ ಬಸವಂತಪ್ಪ. ಅವನು ‘ಯೆಸ್ ಸರ್’ ಎನ್ನಲಿಕ್ಕೂ ಬಾಯಿ ತೆರೆಯದೆ ಬರೀ ತಲೆ ಅಲ್ಲಾಡಿಸುವ ಪೈಕಿ.

“ನಾಯಿಗೇನ್ ಬರ ಐತ್ರಿ ಇಲ್ಲಿ?” ಎಂದಳು ದಾನವ್ವ. “ಕಾಳ್ಯಾ ಇಲ್ಲೇನು?”

ಕಾಳ್ಯಾ ಓಣಿಯ ಕರಿ ನಾಯಿ. ಚಾಳಿನ ಕೆಳಗೆ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಚೆನ್ನಯನ ಬಾಗಿಲಲ್ಲಿ ಅದರ ವಾಸ. ಅದು ಯಾರದೆಂದು ಈವರೆಗೆ ಯಾರೂ ಕೇಳಿರಲಿಲ್ಲ. ಶೋಗೆ ಹೋಗುತ್ತದೆ ಎಂದು ಗೊತ್ತಾದದ್ದೇ ತಡ, ಎಲ್ಲರದೂ ಆಯಿತು. ಪಕ್ಕದ ಕೋಣೆಯ ಗಂಗುಬಾಯಿ, “ಮಾಝಾಚ್ ಕುತ್ರಾ! ನನ್ನದೇ ನಾಯಿ! ದಿನಾ ಭಾಕರಿ ರೊಟ್ಟಿ ಹಾಕುವವಳು ನಾನು,” ಎಂದಳು.

“ಎಂತ ಭಾಕರಿ ಬಾಯೀ? ಅದನ್ನು ಅದು ಮೂಸಿ ಬಿಡ್ತದೆ,” ಎಂದ ಚೆನ್ನಯ. “ನಮ್ಮ ಹೋಟೆಲಿನ ಇಡ್ಲಿ ತಿಂದು ಬೆಳೆದ ಮೈ ಅದು. ಆಯ್ತು, ನೀಲಕಂಠಪ್ಪನವರೇ, ಕೊಂಡುಹೋಗಿ. ಆದ್ರೆ ನಾನೂ ಬರ್ತೇನೆ. ನಾಯಿ ಹೆಸರು ಮಾಡಿದ್ರೆ ಹೋಟೆಲಿನ ಹೆಸರೂ ಹೇಳ್ಬೇಕಲ್ಲ ಮಾರಾಯ್ರೆ.”

ರವಿವಾರ ಬೆಳಗ್ಗೆ ನೀಲಕಂಠಪ್ಪ ಅಂಗಿ ತೊಟ್ಟು ಕೆಳಗಿಳಿಯುವಷ್ಟರಲ್ಲಿ ಅತ್ತೆ ಸೊಸೆ ಸೇರಿ ಕಾಳ್ಯಾನನ್ನು ಸಿಂಗರಿಸಿ ಮುಗಿಸಿದ್ದರು. ಪ್ರದರ್ಶನಕ್ಕೆ ಹೋಗುವ ಎತ್ತಿಗೆ ಏನೇನು ಮಾಡಬೇಕೋ ಅದೆಲ್ಲವೂ ಆಗಿತ್ತು. ಮೈಗೆ ಹರಳೆಣ್ಣೆ, ಹಣೆಗೆ ಅರಿಶಿನದ ಭಂಡಾರ, ಕೊರಳಲ್ಲಿ ಊರಿಂದ ತಂದಿದ್ದ ಗೆಜ್ಜೆಸರ, ಕಿವಿಯ ಹತ್ತಿರ ಕೆಂಪು ಗೊಂಡೆ.

“ಇದು ಎತ್ತಲ್ಲಬೇ ಯವ್ವಾ!” ಎಂದ ನೀಲಕಂಠಪ್ಪ.

“ಎತ್ತಾದ್ರೇನು, ನಾಯಿ ಆದ್ರೇನು? ನಾಲ್ಕು ಮಂದಿ ನೋಡಾಕ ಬರ್ತಾರ. ಬೋಳು ಕೊರಳಾಗ ಕಳಸಿದ್ರ ಮನಿತನ ಏನಾತು?” ಎಂದಳು ರುದ್ರವ್ವ.

ನಾಯಿಯನ್ನು ಲೋಕಲ್ ರೈಲಿಗೆ ಹತ್ತಿಸಿಕೊಳ್ಳುವುದಿಲ್ಲವೆಂದು ಇಬ್ಬರೂ ನಡೆದೇ ಹೊರಟರು. ಎಣ್ಣೆ ಮೆತ್ತಿದ ಮೈಗೆ ದಾರಿಯ ಧೂಳೆಲ್ಲ ಹತ್ತಿ, ಮಾಹೀಮು ಮುಟ್ಟುವಷ್ಟರಲ್ಲಿ ಕಪ್ಪು ನಾಯಿ ಇಟ್ಟಿಗೆ ಬಣ್ಣದ್ದಾಯಿತು. ಅಲ್ಲಿ ಸಮುದ್ರದ ಖಾಡಿಯ ಬದಿಗೆ ಹಗ್ಗದ ಮೇಲೆ ಮೀನು ಒಣಹಾಕಿದ್ದರು. ಕಾಳ್ಯಾ ಒಂದೇ ನೆಗೆತಕ್ಕೆ ಒಂದು ಸಾಲು ಮೀನನ್ನು ಕಚ್ಚಿಕೊಂಡು ಓಡಿತು. ನಾಯಿಯ ಕೊರಳ ಹಗ್ಗದ ತುದಿ ಹಿಡಿದಿದ್ದ ನೀಲಕಂಠಪ್ಪ ಅದರ ಹಿಂದೆ ಓಡಿದ. ಅವನ ಹಿಂದೆ ಮೀನುಗಾರ ಹೆಂಗಸೊಬ್ಬಳು ಬುಟ್ಟಿ ಬೀಸುತ್ತ ಓಡಿದಳು. ಹುಟ್ಟಿದಂದಿನಿಂದ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡವನು ಈಗ ಎರಡೂ ಕೈಯಿಂದ ನಾಯಿಯ ಬಾಯೊಳಗಿನ ಮೀನು ಎಳೆಯುತ್ತ, “ಬಿಡಲೇ, ಲಿಂಗಾ ಕಟ್ಟಿದಾಂವ ನಾನು, ಬಿಡಲೇ!” ಎಂದು ಬೇಡಿಕೊಳ್ಳುತ್ತಿದ್ದ.

“ಬಿಡಿ ಮಾರಾಯ್ರೆ, ಒಳ್ಳೆ ಮೀನು ಅದು,” ಎಂದ ಚೆನ್ನಯ ನಗು ತಡೆದುಕೊಂಡು. ಹೇಗೋ ಆ ಹೆಂಗಸಿಗೆ ಸಮಾಧಾನ ಹೇಳಿ ಇಬ್ಬರನ್ನೂ ಬಿಡಿಸಿಕೊಂಡು ಬಂದ.

ಮೈದಾನದ ಬಾಗಿಲಲ್ಲಿ ಬಿಳಿ ಟೊಪ್ಪಿಗೆಯ ಗೋವಾದ ಹೆಂಗಸೊಬ್ಬಳು ಮೇಜು ಹಾಕಿಕೊಂಡು ಕೂತಿದ್ದಳು.

“ನಾಯಿಯ ನಂಬರು?”

“ನಂಬರು ಇಲ್ಲ ಮೇಡಂ. ಇದು ಸ್ಪರ್ಧೆಗೆ ಬಂದಿಲ್ಲ.”

“ಹಾಗಾದರೆ ನೀವು ನೋಡಲು ಬಂದವರು. ನೋಡಲು ಬಂದವರು ನಾಯಿ ತರಬಾರದು.”

“ನಾವು ನೋಡಲಿಕ್ಕೂ ಬಂದಿಲ್ಲ ಮೇಡಂ.”

“ಮತ್ತೆ ಏನಕ್ಕೆ ಬಂದಿದ್ದೀರಿ?”

ನೀಲಕಂಠಪ್ಪ ಯೋಚಿಸಿದ. ಯೋಚಿಸಿದಷ್ಟೂ ಅವನಿಗೂ ಅದು ಬಗೆಹರಿಯಲಿಲ್ಲ. ಹಿಂದೆ ಸಾಲಾಗಿ ನಿಂತ ನಾಯಿಗಳು ಗುರುಗುಟ್ಟತೊಡಗಿದವು. ಅವುಗಳ ಯಜಮಾನರೂ.

ಚೆನ್ನಯ ಮುಂದೆ ಬಂದ. ಅವನ ಹಿಂದಿ ಹೋಟೆಲಿನಲ್ಲಿ ಪಳಗಿದ್ದು. “ಬಾಯೀ, ಮದುವೆಗೆ ಮದುಮಗ ಒಬ್ಬನೇ ಬರ್ತಾನಾ? ದಿಬ್ಬಣ ಬೇಡ್ವಾ? ಬಾಟ್ಲಿವಾಲಾ ಸಾಹೇಬರ ನಾಯಿ ಮದುಮಗ. ಇದು ದಿಬ್ಬಣದ್ದು. ಕೊರಳು ನೋಡಿ, ಸಿಂಗಾರ ನೋಡಿ. ಬೀದಿ ನಾಯಿಯಾದ್ರೆ ಹೀಗಿರ್ತದಾ?”

ಆ ಹೆಂಗಸು ಗೆಜ್ಜೆ ನೋಡಿದಳು, ಗೊಂಡೆ ನೋಡಿದಳು. ಮುಟ್ಟಿ ನೋಡಿ ಎಣ್ಣೆಯಾದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಬಾಟ್ಲಿವಾಲಾ ಸಾಹೇಬರೇ ಓಡಿಬಂದು, “ನಮ್ಮವರು, ನಮ್ಮವರು!” ಎಂದು ಇಬ್ಬರನ್ನೂ ಒಳಗೆ ಎಳೆದುಕೊಂಡರು.

ಒಳಗೆ ಹಗ್ಗ ಕಟ್ಟಿದ ಚೌಕದಲ್ಲಿ ದೊಡ್ಡ ದೊಡ್ಡ ನಾಯಿಗಳು ಸುತ್ತು ಬರುತ್ತಿದ್ದವು. ಅವು ಓಡಿದರೆ ಯಜಮಾನರೂ ಓಡುತ್ತಿದ್ದರು. ಯಾರು ಯಾರನ್ನು ತೋರಿಸಲು ಕರೆತಂದಿದ್ದಾರೋ ನೀಲಕಂಠಪ್ಪನಿಗೆ ಹೊಳೆಯಲಿಲ್ಲ. ಸಾಹೇಬರು ಹೇಳಿದ ಜಾಗದಲ್ಲಿ, ಹಗ್ಗದ ಹೊರಗೆ, ಕಾಳ್ಯಾನನ್ನು ಹಿಡಿದುಕೊಂಡು ನಿಂತ. ಡ್ಯೂಕ್ ಚೌಕಕ್ಕೆ ಬಂದಿತು, ಕಾಳ್ಯಾನನ್ನು ಕಂಡಿತು, ಬಾಲ ಅಲ್ಲಾಡಿಸಿತು. ಕಾಳ್ಯಾನೂ ಅಲ್ಲಾಡಿಸಿತು. ಜೋಡಿ ಕೂಡಿತು ಎಂದು ನೀಲಕಂಠಪ್ಪ ಉಸಿರು ಬಿಟ್ಟ.

ಬಿಳಿ ಮೀಸೆಯ ಜಡ್ಜ್ ಡ್ಯೂಕ್‌ನ ಹತ್ತಿರ ಬಂದರು. ಅದೇ ಹೊತ್ತಿಗೆ, ಬೆಳಗಿನಿಂದ ನಡೆದು, ಓಡಿ, ಮೀನು ತಿಂದು ದಣಿದಿದ್ದ ಕಾಳ್ಯಾ ಉದ್ದಕ್ಕೆ ಆಕಳಿಸಿ ನೆಲಕ್ಕೆ ಬಿತ್ತು.

ಡ್ಯೂಕ್ ಅದನ್ನು ನೋಡಿತು. ತಾನೂ ಮಲಗಿತು.

ಜನ ನಕ್ಕರು. ಜಡ್ಜ್ ಗಡಿಯಾರ ನೋಡಿಕೊಂಡರು. ಸಾಹೇಬರು ಹಗ್ಗದಾಚೆಯಿಂದ ನೀಲಕಂಠಪ್ಪನನ್ನು ನೋಡಿದರು. ಆ ನೋಟದಲ್ಲಿ ಮುಲುಂಡ್ ಒಂದೊಂದೇ ಸ್ಟೇಷನ್ನು ದೂರ ಸರಿದು ಕಲ್ಯಾಣದಾಚೆ ಘಟ್ಟ ಹತ್ತುತ್ತಿರುವುದು ಅವನಿಗೆ ಕಾಣಿಸಿತು.

“ಏಳಿಸಿ ಮಾರಾಯ್ರೆ, ಏಳಿಸಿ! ಎಂತ ನೋಡ್ತಾ ನಿಂತದ್ದು?” ಎಂದ ಚೆನ್ನಯ.

ಮಲಗಿದ ಎತ್ತನ್ನು ಏಳಿಸಲು ನೀಲಕಂಠಪ್ಪನಿಗೆ ಗೊತ್ತಿದ್ದದ್ದು ಒಂದೇ ದಾರಿ. ಕೈ ತಾನಾಗಿ ಹೋಗಿ ಬಾಲ ಹಿಡಿಯಿತು, ತಾನಾಗಿ ತಿರುವಿತು. ಬಾಯಿಯೂ ಯಾರನ್ನೂ ಕೇಳದೆ, “ಹೋಯ್, ಏಳಲೇ ನನ ಮಗನ!” ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿತು.

ಕಾಳ್ಯಾ ಚೀರಿ, ಗೆಜ್ಜೆ ಝಲ್ಲೆನಿಸಿ, ನಾಲ್ಕೂ ಕಾಲಮೇಲೆ ನಿಂತಿತು. ಗೆಳೆಯನಿಗೆ ಏನಾಯಿತೋ ಎಂದು ಡ್ಯೂಕ್ ಕೂಡ ಒಮ್ಮೆಲೆ ಎದ್ದಿತು. ಎದೆ ಉಬ್ಬಿಸಿ, ಕಿವಿ ನಿಮಿರಿಸಿ, ಕಣ್ಣು ಮಿಟುಕಿಸದೆ ನೀಲಕಂಠಪ್ಪನನ್ನೇ ದಿಟ್ಟಿಸುತ್ತ ನಿಂತಿತು. ಮತ್ತೆ ಅಲುಗಲಿಲ್ಲ. ಜಡ್ಜ್ ಸುತ್ತ ತಿರುಗಿದರು, ಹಲ್ಲು ನೋಡಿದರು, ಬೆನ್ನು ಸವರಿದರು. ಡ್ಯೂಕ್‌ಗೆ ಅದರ ಗಮನವೇ ಇರಲಿಲ್ಲ.

ಪಕ್ಕದಲ್ಲಿದ್ದ ದೊರೆಸಾನಿಯೊಬ್ಬಳು ಮುಖ ಕೆಂಪಗೆ ಮಾಡಿಕೊಂಡು ನೀಲಕಂಠಪ್ಪನಿಗೆ ಇಂಗ್ಲೀಷಿನಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಅವನು ವಿನಯದಿಂದ, “ಥ್ಯಾಂಕ್ಯೂ ಮೇಡಂ,” ಎಂದ. ಅವಳು ಇನ್ನಷ್ಟು ಕೆಂಪಾದಳು.

ಬಹುಮಾನದ ಬೆಳ್ಳಿ ಕಪ್ ಡ್ಯೂಕ್‌ಗೇ ಬಂದಿತು. ಸಾಹೇಬರು ನೀಲಕಂಠಪ್ಪನ ಹೆಗಲ ಮೇಲೆ ಕೈಹಾಕಿ ಮರದ ನೆರಳಿಗೆ ಕರೆದುಕೊಂಡು ಹೋದರು. ಕಂಪನಿ ಸೇರಿದಂದಿನಿಂದ ಆ ಹೆಗಲ ಮೇಲೆ ಸಾಹೇಬರ ಕೈ ಬಿದ್ದದ್ದು ಅದೇ ಮೊದಲು. ಅವನಿಗೆ ಮಾತಿನ ಹುರುಪು ಬಂದಿತು.

“ನೀಲಕಂಠ್, ನಿಮ್ಮೂರಲ್ಲಿ ಜೋಡಿ ಎತ್ತುಗಳನ್ನು ಬೇರೆ ಬೇರೆ ಕಟ್ಟುತ್ತಾರಾ?”

“ಛೇ, ಎಲ್ಲಾದರೂ ಉಂಟೆ ಸಾಹೇಬ್! ಒಂದೇ ಕೊಟ್ಟಿಗೆ. ಒಂದೇ ಗೋದಲಿ. ಅಗಲಿಸಿದರೆ ಮೇವು ಬಿಡುತ್ತವೆ.”

“ಹಾಗಾದರೆ ಈ ನಾಯಿಯನ್ನು ನಮ್ಮ ಬಂಗಲೆಗೇ ತಂದರೆ?”

ಚೆನ್ನಯ ನಡುವೆ ಬಾಯಿ ಹಾಕಿದ. “ಅದಾಗ್ಲಿಕ್ಕಿಲ್ಲ ಸಾಹೇಬ್ರೇ. ನಮ್ಮ ಹೋಟೆಲಿನ ಇಡ್ಲಿ ಬಿಟ್ರೆ ಅದು ಬೇರೆ ಎಂತದನ್ನೂ ಮುಟ್ಟುದಿಲ್ಲ. ಉಪವಾಸ ಸಾಯ್ತದೆ.”

“ಮುಲುಂಡಿಗೆ ಒಯ್ದರೆ ಇರುತ್ತದಾ?”

“ಓಣಿ ನಾಯಿ ಓಣಿ ಬಿಡೋದಿಲ್ಲ ಸಾಹೇಬ್. ಎಲ್ಲಿ ಬಿಟ್ಟರೂ ರಾತ್ರಿಯೊಳಗೆ ಆಂಟಾಪ್ ಹಿಲ್ಲಿಗೆ ವಾಪಸು,” ಎಂದ ನೀಲಕಂಠಪ್ಪ ಬಲ್ಲವನ ಗತ್ತಿನಲ್ಲಿ.

ಸಾಹೇಬರು ತುಂಬ ಹೊತ್ತು ತಲೆದೂಗಿದರು. “ಚಳಿಗಾಲದಲ್ಲಿ ಪುಣೆಯ ದೊಡ್ಡ ಶೋ ಇದೆ. ನೀನು ಹೇಳಿದ ಮೇಲೆ ಎಲ್ಲ ಸ್ಪಷ್ಟವಾಯಿತು. ಜೋಡಿಯನ್ನು ಅಗಲಿಸಬಾರದು. ಆ ನಾಯಿ ಆಂಟಾಪ್ ಹಿಲ್ ಬಿಡುವುದಿಲ್ಲ. ನೀನೂ ಅಲ್ಲಿಂದ ಹೊರಟರೆ ಎರಡನ್ನೂ ನೋಡುವವರು ಯಾರು? ಮುಲುಂಡ್ ಬಸವಂತಪ್ಪನಿಗೆ ಕೊಟ್ಟುಬಿಡೋಣ, ಪಾಪ, ಅವನು ಬಾಯಿಬಿಟ್ಟು ಕೇಳುವವನಲ್ಲ. ಡ್ರೈವರ್! ಬಂಗಲೆಯಿಂದ ಡ್ಯೂಕ್‌ನ ಸಾಮಾನು ತೆಗೆದು ಇವರ ಮನೆಗೆ ಹಾಕು.”

ನೀಲಕಂಠಪ್ಪ ಬಾಯಿ ತೆರೆದ. ಎಷ್ಟು ಪ್ರಯತ್ನಿಸಿದರೂ ಅದರಿಂದ ‘ಯೆಸ್ ಸರ್’ ಮಾತ್ರ ಹೊರಬಂದಿತು.

ಸಂಜೆ ಆಂಟಾಪ್ ಹಿಲ್ಲಿನ ಚಾಳಿನ ಮುಂದೆ ಮೋಟಾರು ಬಂದು ನಿಂತಾಗ ಇಡೀ ಚಾಳು ಕೆಳಗಿಳಿದಿತ್ತು. ಮೊದಲು ಚೆನ್ನಯ ಇಳಿದ. ಆಮೇಲೆ ಕಾಳ್ಯಾ. ಆಮೇಲೆ ಡ್ಯೂಕ್. ಆಮೇಲೆ ಡ್ಯೂಕ್‌ನ ಗಾದಿ, ದಿಂಬು, ಕಂಬಳಿ, ಊಟದ ಪಾತ್ರೆ. ಕೊನೆಗೆ ನೀಲಕಂಠಪ್ಪ.

“ಜಾಗಾ ಮಿಳಾಲೀ ಕಾ? ಸಿಕ್ತಾ ಮನೆ?” ಎಂದು ಗಂಗುಬಾಯಿ ಮೇಲಿನಿಂದಲೇ ಕೂಗಿದಳು.

“ಸಿಕ್ತು ಬಾಯೀ,” ಎಂದ ಚೆನ್ನಯ. “ಇವ್ರಿಗಲ್ಲ, ನಾಯಿಗೆ.”

ಡ್ರೈವರು ಗಾದಿಯನ್ನು ಹೊತ್ತು ತಂದು ಕೋಣೆಯಲ್ಲಿ ಹಾಸಿದ. ಗೋಡೆಯಿಂದ ಗೋಡೆಗೆ ಮುಟ್ಟಿತು. ರುದ್ರವ್ವ ತನ್ನ ಚಾಪೆ ಸುತ್ತಿಕೊಂಡು ಹೊಸ್ತಿಲಿಗೆ ಬಂದು ಕೂತಳು. ದಾನವ್ವ ಸೊಂಟದ ಮೇಲೆ ಕೈಯಿಟ್ಟು ಡ್ಯೂಕ್‌ನನ್ನೂ ಗಂಡನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.

“ಅಲ್ರೀ, ಇಷ್ಟು ದೊಡ್ಡ ನಾಯಿ ಎಲ್ಲಿ ಮಲಗಬೇಕ್ರೀ?”

“ಅದು ಮಲಗೇತಿ ಬಿಡ,” ಎಂದ ನೀಲಕಂಠಪ್ಪ. “ನಾ ಎಲ್ಲಿ ಮಲಗಲಿ, ಅದನ್ನಷ್ಟು ಹೇಳು.”