ಕಂಪ್ಯೂಟರಿನ ಬದು ಕಿತ್ತ ಪ್ರಸಂಗ

ನಮ್ಮ ಮನೆಯ ಕಂಪ್ಯೂಟರು ಕೆಟ್ಟಾಗ ನಾನು ಯಾರ ಕೈಕಾಲನ್ನೂ ಹಿಡಿಯಲಿಲ್ಲ. ಈಗಲೂ ಹಿಡಿಯುವುದಿಲ್ಲ! ಪಂಪ್‌ಸೆಟ್ ಮೋಟಾರು ಬಿಚ್ಚಿ ಜೋಡಿಸಿದ ಕೈ ಇದು. ಕೆ.ಆರ್.ಪೇಟೆಯಲ್ಲಿ ಗೊಬ್ಬರದ ಅಂಗಡಿ ನಡೆಸುವ ನಾನು ಒಂದು ಡಬ್ಬಕ್ಕೆ ಹೆದರುವುದೇ?

ರೋಗ ಇಷ್ಟೆ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಗುರ್ರೆಂದು ತಾನಾಗಿಯೇ ಆರಿಹೋಗುತ್ತಿತ್ತು. ಹಾಗೇ ಬಿಡುವಂತೆಯೂ ಇರಲಿಲ್ಲ. ಶೀಳನೆರೆಯಲ್ಲಿ ಭಾಮೈದನ ಮಗಳ ಮದುವೆ ಹತ್ತಿರ ಬಂದಿತ್ತು. ನಮ್ಮತ್ತೆ ಹಾಡಿದ ಸೋಬಾನೆ ಪದಗಳನ್ನೆಲ್ಲ ನನ್ನ ಹೆಂಡತಿ ಜಯಮ್ಮ ರೆಕಾರ್ಡ್ ಮಾಡಿ ಅದರಲ್ಲೇ ತುಂಬಿದ್ದಳು. ಹೆಣ್ಣುಮಕ್ಕಳು ಅವನ್ನು ಕೇಳಿ ಕಲಿತು, ಚಪ್ಪರದಡಿ ಗಂಡಿನ ಕಡೆಯವರನ್ನು ಪದದಲ್ಲೇ ಬೈದು ಸೋಲಿಸಬೇಕು. ಸೋತರೆ ಹೆಣ್ಣಿನ ಮನೆಯ ಮಾನ ಹೋದಂತೆ!

"ರಿಪೇರಿಯವ್ರಿಗೆ ತೋರ್ಸಿ. ನಮ್ಮವ್ವನ ಪದ ಅವೆ ಅದ್ರಲ್ಲಿ," ಅಂದಳು ಜಯಮ್ಮ.

"ನಾನಿಲ್ವಾ? ಆಪರೇಟಿಂಗ್ ಸಿಸ್ಟಮ್ಮು ಕಿತ್ತು ಹೊಸ್ದು ಆಕ್ಬುಟ್ರೆ ಆಯ್ತು ಬುಡು!"

ಗೆಳೆಯನಿಂದ ಪೆನ್‌ಡ್ರೈವ್ ತಂದು, ಸ್ನಾನ ಮಾಡಿ, ಪೂರ್ವಾಭಿಮುಖವಾಗಿ ಆಸೀನನಾದೆ. ಸೆಖೆಯೆಂದು ಟೇಬಲ್ ಫ್ಯಾನು ಹಾಕಿಕೊಂಡೆ. ಗಾಳಿ ಡಬ್ಬಕ್ಕೂ ಬಡಿಯಿತು. ಆಶ್ಚರ್ಯ, ಅದು ಆರಲೇ ಇಲ್ಲ! ನನ್ನ ಕೈಗುಣ ಎಂದುಕೊಂಡೆ.

ಪರದೆಯ ಮೇಲೆ ಡಿಸ್ಕಿನ ಭಾಗಗಳು ಸಾಲಾಗಿ ಕಂಡವು. ಪಕ್ಕದ ಮನೆಯ ನಂಜೇಗೌಡ ಇಣುಕಿದ.

"ಏನ್ಲಾ ಇಷ್ಟೊಂದು ತುಂಡು?"

"ಬದು ಇದ್ದಂಗೆ ಕಣ್ಲಾ. ಒಂದೇ ಹೊಲಕ್ಕೆ ಇಷ್ಟೊಂದ್ಯಾಕೆ? ಸುಮ್ನೆ ಜಾಗ ದಂಡ."

"ಅಂಗಾರೆ ಕಿತ್ತಾಕ್ಲಾ!"

ಎಲ್ಲ ಅಳಿಸಲೇ ಎಂದು ಕಂಪ್ಯೂಟರು ಕೇಳಿತು. ಬದು ಕಿತ್ತರೆ ಹೊಲದ ಮಣ್ಣೇನೂ ಓಡಿಹೋಗುವುದಿಲ್ಲವಲ್ಲ! ಧೈರ್ಯವಾಗಿ ಒತ್ತಿದೆ. ಇಲ್ಲಿ ಮಣ್ಣೇ ಹೋಯಿತು.

ಕೆಲಸ ಮುಗಿಸಿ, ಫ್ಯಾನು ಆರಿಸಿ, ಜಯಮ್ಮನನ್ನು ಕರೆದೆ. ಅವಳು ಹುಡುಕಿದಳು.

"ನಮ್ಮವ್ವನ ಪದ ಎಲ್ಲಿ?"

ಅಷ್ಟರಲ್ಲಿ ಕಂಪ್ಯೂಟರು ಗುರ್ರೆಂದು ಆರಿತು. ಜಯಮ್ಮ ಸಿಟ್ಟಿನಿಂದ ಡಬ್ಬದ ಪಕ್ಕದ ತಗಡು ಬಿಚ್ಚಿದಳು. ಒಳಗಿನ ಸಣ್ಣ ಫ್ಯಾನಿಗೆ ಒಣಗಿದ ಚೆಂಡುಹೂವಿನ ಹಾರ ಸುತ್ತಿಕೊಂಡಿತ್ತು. ಫ್ಯಾನು ತಿರುಗದೆ ಡಬ್ಬ ಕಾದು ಆರುತ್ತಿತ್ತು! ಆಯುಧಪೂಜೆಗೆ ಅದರ ಬೆನ್ನಿನ ಕಿಂಡಿಗೆ ಹಾರ ಸಿಕ್ಕಿಸಿದ ಪರಮಭಕ್ತ ನಾನೇ.

"ಪೂಜೆ ಮಾಡೋದು ತಪ್ಪಾ?" ಎಂದು ಜಗ್ಗದೆ ಕೇಳಿದೆ. ಅವಳ ಕಣ್ಣಲ್ಲಿ ನೀರು ಕಂಡಿತು. ಆದರೂ ಬಗ್ಗಲಿಲ್ಲ. "ಅತ್ತೆ ಗಟ್ಟಿಮುಟ್ಟಾಗವ್ರೆ. ಕರ್ಕೊಂಡ್ಬತ್ತೀನಿ, ಇನ್ನೊಂದ್ಸಲ ಹಾಡ್ಲಿ!"

ಕರೆತಂದೆ. ಅತ್ತೆ ಮಗಳಿಂದ ಎಲ್ಲವನ್ನೂ ಕೇಳಿ, ಎಲೆಅಡಿಕೆ ಉಗಿದು ಬಂದು ಕುಳಿತರು.

"ಎದ್ರಬ್ಯಾಡ ಕಣಪ್ಪ ಅಳಿಯ. ಹಳೇವೆಲ್ಲ ಗ್ಯಾಪಕದಲ್ಲಿ ಅವೆ. ಒಂದು ಹೊಸ್ದೂ ಕಟ್ಟೀವ್ನಿ."

ಹೊಸದನ್ನು ನಾನು ಕೇಳಿದ್ದು ಚಪ್ಪರದಲ್ಲೇ. ಗಂಡಿನ ಕಡೆಯ ಹೆಂಗಸರು ಒಂದಾದ ಮೇಲೊಂದು ಬೈಗುಳದ ಪದ ಎಸೆದರು. ನಮ್ಮ ಹುಡುಗಿಯರು ಸೋಲುವಂತಾದಾಗ ಜಯಮ್ಮ ಎದ್ದು ನಿಂತು ದನಿ ಎತ್ತಿದಳು:

"ಹೂವ ಮುಡಿಸಿ ಡಬ್ಬ ಕೆಡಿಸ್ದ,
ಬದುವ ಕಿತ್ತು ಪದವ ಕಳೆದ,
ಇಂಥ ಅಳೀನೇ ಸಾಕಿದ್ದೀವಿ, ನೀವ್ಯಾವ ಲೆಕ್ಕ ಸೋಬಾನವೇ!"

ಗಂಡಿನ ಕಡೆಯವರು ನಕ್ಕು ನಕ್ಕು ಮುಂದಿನ ಪದವನ್ನೇ ಮರೆತರು. ಆಮೇಲೆ ಅವರೂ ಸೇರಿಕೊಂಡು ಹಾಡಿದರು. ಹೆಣ್ಣಿನ ಮನೆಯ ಮಾನ ಉಳಿಯಿತು. ಯಾರು ಉಳಿಸಿದ್ದು? ನಾನು!

ಆ ಪದ ಈಗ ಕಂಪ್ಯೂಟರಿನಲ್ಲಿದೆ. ಅಳಿಸುವ ವಿದ್ಯೆ ನನಗೆ ಚೆನ್ನಾಗಿಯೇ ಗೊತ್ತು. ಆದರೆ ಈ ಸಲ ಜಯಮ್ಮ ಅದನ್ನು ನೆಂಟರಿಷ್ಟರ ಫೋನಿಗೆಲ್ಲ ಕಳಿಸಿಬಿಟ್ಟಿದ್ದಾಳೆ!